ಬಡ್ಡಿ ಬಂದ ದಾರಿ

ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋದವರಿಗೆಲ್ಲ ಆ ಸದ್ದು ಪರಿಚಿತ. ಮೂಲೆಯಲ್ಲಿರುವ ಯಂತ್ರ ಪುಸ್ತಕವನ್ನು ಒಳಗೆಳೆದುಕೊಂಡು ಕರಕರನೆ ಅಚ್ಚೊತ್ತಿ ಹೊರಗೆ ತಳ್ಳುತ್ತದೆ. ಪೆನ್ಷನ್ ಜಮಾ, ಎಟಿಎಂನಲ್ಲಿ ತೆಗೆದದ್ದು, ಕರೆಂಟ್ ಬಿಲ್ಲಿಗೆ ಹೋದದ್ದು, ಎಸ್ಸೆಮ್ಮೆಸ್ ಚಾರ್ಜೆಂದು ಮುರಿದುಕೊಂಡದ್ದು. ಇವುಗಳ ನಡುವೆ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಸಾಲು: ಬಡ್ಡಿ. ನೂರೋ ಇನ್ನೂರೋ ರೂಪಾಯಿ. ಉಳಿದ ಸಾಲುಗಳಿಗೆಲ್ಲ ಒಂದು ವಿಳಾಸವಿದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಬಹುದು. ಬಡ್ಡಿಯ ಸಾಲಿಗೆ ಮಾತ್ರ ವಿಳಾಸವಿಲ್ಲ. ಬ್ಯಾಂಕು ಕೊಟ್ಟಿತು ಅಂದುಕೊಂಡು ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ.

ಬ್ಯಾಂಕಿಗೆ ಅದು ಎಲ್ಲಿಂದ ಬಂತು? ನಮ್ಮ ದುಡ್ಡನ್ನು ಅದು ಯಾರಿಗೋ ಸಾಲ ಕೊಟ್ಟಿದೆ. ಆ ಯಾರೋ ದುಡಿದು ಬಡ್ಡಿ ಕಟ್ಟಿದ್ದಾರೆ. ಎಮ್ಮೆ ಕೊಂಡ ಹೆಣ್ಣುಮಗಳಿರಬಹುದು, ಸಿಗರೇಟು ಕಂಪನಿಯಿರಬಹುದು, ರಾತ್ರಿ ಹೊತ್ತು ಹೊಳೆಗೆ ಬಣ್ಣದ ನೀರು ಬಿಡುವ ಕಾರ್ಖಾನೆಯಿರಬಹುದು. ಎಲ್ಲರ ಬಡ್ಡಿಯೂ ಒಂದೇ ಹುಂಡಿಗೆ ಬಿದ್ದು, ಗುರುತು ಕಳೆದುಕೊಂಡು, ನಮ್ಮ ಪಾಸ್‌ಬುಕ್ಕಿಗೆ ಬರುತ್ತದೆ.

ಹಾಗಾದರೆ ನನ್ನ ದುಡ್ಡನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಹೇಳುವ ಹಕ್ಕು ನನಗಿದೆಯೇ? ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಒಂದು ಬ್ಯಾಂಕು ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ತಾನಾಗಿ ಗ್ರಾಹಕರ ಮುಂದಿಟ್ಟಿತು. ಸಿಕ್ಕ ಉತ್ತರವನ್ನು ಬರೆದಿಟ್ಟುಕೊಂಡು ಅದರಂತೆ ವ್ಯವಹಾರ ನಡೆಸಿತು. ಮುಂದೆ ಅದು ಮುಳುಗುವ ಹಂತ ತಲುಪಿ ಪರರ ಪಾಲಾದಾಗ ಗ್ರಾಹಕರು ಸಂಘ ಕಟ್ಟಿಕೊಂಡರು. ಕಾರ್ಮಿಕ ಸಂಘ ನೋಡಿದ್ದೇವೆ, ರೈತ ಸಂಘ ನೋಡಿದ್ದೇವೆ. ಬ್ಯಾಂಕಿನ ಗ್ರಾಹಕರ ಸಂಘ, ಅದರಲ್ಲೂ ಹೆಚ್ಚಿನ ಬಡ್ಡಿ ಕೊಡಿ ಎಂದು ಕೇಳದ ಸಂಘ, ಅಪರೂಪ. ಅದರ ಕಥೆ ತಿಳಿದರೆ ನಮ್ಮೂರಿನ ಬ್ಯಾಂಕೂ ಸೊಸೈಟಿಯೂ ಬೇರೆ ಬಗೆಯಲ್ಲಿ ಕಾಣಿಸುತ್ತವೆ.

ಕಟ್ಟಿದ ಮೇಲೆ ದುಡ್ಡು ಯಾರದು?

ಮೊದಲು ಕಾನೂನಿನ ಮಾತು. 1829ರಲ್ಲಿ ಇಂಗ್ಲೆಂಡಿನ ಫೋಲಿ ಎಂಬ ಸಿರಿವಂತ ತನ್ನ ಬ್ಯಾಂಕರುಗಳಲ್ಲಿ 6 ಸಾವಿರಕ್ಕೂ ಹೆಚ್ಚು ಪೌಂಡ್ ಇಟ್ಟಿದ್ದ. ಶೇ 3ರಂತೆ ಬಡ್ಡಿ ಕೊಡುವ ಮಾತಾಗಿತ್ತು. ವರ್ಷಗಳು ಕಳೆದ ಮೇಲೆ ಲೆಕ್ಕ ಒಪ್ಪಿಸಿ ಎಂದು ಕೋರ್ಟು ಹತ್ತಿದ. ಬ್ಯಾಂಕರ್ ತನ್ನ ಹಣವನ್ನು ನೋಡಿಕೊಳ್ಳುವ ಪಾರುಪತ್ಯಗಾರನಂತೆ, ಹಾಗಾಗಿ ಲೆಕ್ಕ ಕೊಡಬೇಕು ಎಂಬುದು ಅವನ ವಾದದ ತಿರುಳು. 1848ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ಬ್ಯಾಂಕಿಗೆ ಕಟ್ಟಿದ ಕ್ಷಣವೇ ಹಣ ಬ್ಯಾಂಕಿನದಾಗುತ್ತದೆ. ಅದನ್ನು ಯಾವ ವ್ಯವಹಾರಕ್ಕೆ ಹಾಕಿದರೂ, ಅಪಾಯಕ್ಕೊಡ್ಡಿದರೂ ಗ್ರಾಹಕ ಕೇಳುವಂತಿಲ್ಲ. ಕೇಳಿದಾಗ ಅಷ್ಟೇ ಮೊತ್ತವನ್ನು ಹಿಂದಿರುಗಿಸುವುದಷ್ಟೇ ಬ್ಯಾಂಕಿನ ಹೊಣೆ. ‘ಫೋಲಿ ಮತ್ತು ಹಿಲ್’ ಪ್ರಕರಣವೆಂದು ಇಂದಿಗೂ ಹೆಸರಾದ ಈ ತತ್ವವೇ ಭಾರತದಲ್ಲೂ ನಡೆದು ಬಂದಿದೆ.

ಅಂದರೆ ಲಾಕರಿನಲ್ಲಿಟ್ಟ ಸರ ನಮ್ಮದೇ. ಕೌಂಟರಿನಲ್ಲಿ ಕಟ್ಟಿದ ನೋಟು ನಮ್ಮದಲ್ಲ. ನಾವು ‘ಠೇವಣಿ’ ಎನ್ನುವುದು ಕಾನೂನಿನ ಕಣ್ಣಲ್ಲಿ ನಾವು ಬ್ಯಾಂಕಿಗೆ ಕೊಟ್ಟ ಕೈಸಾಲ. ಸಾಲ ಕೊಟ್ಟವನಿಗೆ ಅಸಲು, ಬಡ್ಡಿ ಕೇಳುವ ಹಕ್ಕುಂಟು, ದುಡ್ಡನ್ನು ಏನು ಮಾಡಿದೆ ಎಂದು ಕೇಳುವ ಹಕ್ಕಿಲ್ಲ. ಆ ಹಕ್ಕು ಇರುವುದು ಷೇರುದಾರರಿಗೆ. ಆದರೆ ಬ್ಯಾಂಕು ಸಾಲವಾಗಿ ಹಂಚುವ ಹಣದಲ್ಲಿ ಷೇರುದಾರರ ಪಾಲು ಚಿಕ್ಕದು, ಠೇವಣಿದಾರರದು ದೊಡ್ಡದು. ದೊಡ್ಡ ಪಾಲು ಹಾಕಿದವರಿಗೆ ಮಾತಿಲ್ಲ, ಚಿಕ್ಕ ಪಾಲಿನವರಿಗೆ ಮತವಿದೆ.

ರಾಚ್‌ಡೇಲಿನ ಅಂಗಡಿಯಿಂದ

ಆ ತೀರ್ಪಿಗೆ ನಾಲ್ಕು ವರ್ಷ ಮೊದಲು, 1844ರ ಡಿಸೆಂಬರಿನಲ್ಲಿ, ಮ್ಯಾಂಚೆಸ್ಟರಿಗೆ ಹತ್ತಿರದ ರಾಚ್‌ಡೇಲ್ ಎಂಬ ಗಿರಣಿ ಊರಿನ ಟೋಡ್ ಲೇನ್ ಬೀದಿಯಲ್ಲಿ ಪುಟ್ಟ ಅಂಗಡಿಯೊಂದು ಬಾಗಿಲು ತೆರೆದಿತ್ತು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ, ಇಷ್ಟೇ ಸಾಮಾನು. ಕಲಬೆರಕೆ ಮಾಲು ಮಾರುವ, ತೂಕದಲ್ಲಿ ಮೋಸ ಮಾಡುವ ಅಂಗಡಿಗಳಿಂದ ಬೇಸತ್ತ ನೇಕಾರರು, ಕೂಲಿಕಾರರು ಚಂದಾ ಕೂಡಿಸಿ ತಾವೇ ತೆರೆದ ಅಂಗಡಿ ಅದು. ಕೊಳ್ಳುವವನೇ ಒಡೆಯ, ಒಬ್ಬನಿಗೆ ಒಂದೇ ಮತ, ಲಾಭ ಖರೀದಿಯ ಪ್ರಮಾಣದಲ್ಲಿ ಹಂಚಿಕೆ. ಜಗತ್ತಿನ ಸಹಕಾರ ಚಳವಳಿ ತನ್ನ ಮೂಲವೆಂದು ಇಂದಿಗೂ ನೆನೆಯುವುದು ಆ ಅಂಗಡಿಯನ್ನೇ.

ಇಂಥ ಅಂಗಡಿಗಳು ಹೆಚ್ಚಿದಂತೆ ಅವೆಲ್ಲ ಸೇರಿ ಮ್ಯಾಂಚೆಸ್ಟರಿನಲ್ಲಿ ಸಗಟು ಸಂಘವೊಂದನ್ನು ಕಟ್ಟಿದವು. 1872ರಲ್ಲಿ ಆ ಸಂಘ ಸಾಲ ಮತ್ತು ಠೇವಣಿ ವಿಭಾಗವನ್ನು ತೆರೆಯಿತು. ಮುಂದೆ ‘ಕೋ-ಆಪರೇಟಿವ್ ಬ್ಯಾಂಕ್’ ಆಗಿ ಬೆಳೆದದ್ದು ಇದೇ ವಿಭಾಗ. ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಂಕಿನ ಒಡೆತನ ಸಹಕಾರ ಸಂಘದ ಕೈಯಲ್ಲಿತ್ತು, ಆದರೆ ಖಾತೆ ಇಟ್ಟ ಮಾತ್ರಕ್ಕೆ ಗ್ರಾಹಕನೇನೂ ಬ್ಯಾಂಕಿನ ಒಡೆಯನಾಗುತ್ತಿರಲಿಲ್ಲ. ಹೆಸರಿನಲ್ಲಿ ಸಹಕಾರ, ಕಾಗದದಲ್ಲಿ ಕಂಪನಿ. ಈ ಸಂದಿಯೇ ಮುಂದೆ ಬಿರುಕಾಯಿತು.

1992ರಲ್ಲಿ, ಟೆರಿ ಥಾಮಸ್ ಮುಖ್ಯಸ್ಥರಾಗಿದ್ದಾಗ, ಬ್ಯಾಂಕು ಗ್ರಾಹಕರ ಅಭಿಪ್ರಾಯ ಸಂಗ್ರಹಿಸಿ ‘ನೈತಿಕ ನೀತಿ’ಯನ್ನು ಪ್ರಕಟಿಸಿತು. ಬ್ರಿಟನ್ನಿನ ಪೇಟೆಬೀದಿಯ ಬ್ಯಾಂಕುಗಳಲ್ಲಿ ಇಂಥದ್ದು ಅದೇ ಮೊದಲು. ಜನರನ್ನು ತುಳಿಯುವ ಸರ್ಕಾರಗಳಿಗೆ ಶಸ್ತ್ರ ಮಾರುವವರಿಗೆ ಸಾಲವಿಲ್ಲ. ತಂಬಾಕು ಉತ್ಪಾದಕರಿಗಿಲ್ಲ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸುವವರಿಗಿಲ್ಲ, ತುಪ್ಪಳದ ವ್ಯಾಪಾರಕ್ಕಿಲ್ಲ. ಕೆಲವು ವರ್ಷಗಳ ನಂತರ ಕಲ್ಲಿದ್ದಲು, ತೈಲ ತೆಗೆಯುವವರ ಹೆಸರೂ ಪಟ್ಟಿಗೆ ಸೇರಿತು. ಕಾಲಕಾಲಕ್ಕೆ ಗ್ರಾಹಕರನ್ನು ಕೇಳಿ ಪಟ್ಟಿ ತಿದ್ದುವುದು ರೂಢಿಯಾಯಿತು.

ಇದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು. ದೊಡ್ಡ ಬ್ಯಾಂಕುಗಳ ನಡುವೆ ನುಜ್ಜುಗುಜ್ಜಾಗದೆ ಬದುಕಲು ಚಿಕ್ಕ ಬ್ಯಾಂಕಿಗೆ ತನ್ನದೇ ಗುರುತು ಬೇಕಿತ್ತು. ಗುರುತು ಸಿಕ್ಕಿತು. ಬಡ್ಡಿದರ ನೋಡಿ ಬಂದ ಗ್ರಾಹಕ ಬಡ್ಡಿದರ ನೋಡಿ ಹೋಗುತ್ತಾನೆ, ನೀತಿ ನೋಡಿ ಬಂದವನು ಕೂತಿರುತ್ತಾನೆ. ಹೀಗೆ ಬಂದು ಕೂತವರೇ 2013ರಲ್ಲಿ ಎದ್ದು ನಿಂತರು.

ತೋಳನಿಗೆ ಕುರಿ ಕಾಯುವ ಕೆಲಸ

2009ರಲ್ಲಿ ಬ್ಯಾಂಕು ಬ್ರಿಟಾನಿಯಾ ಎಂಬ ಬಿಲ್ಡಿಂಗ್ ಸೊಸೈಟಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅದರ ಜೊತೆಗೆ ವಾಣಿಜ್ಯ ಕಟ್ಟಡಗಳಿಗೆ ಕೊಟ್ಟಿದ್ದ ಕೆಟ್ಟ ಸಾಲಗಳೂ ಬಂದವು. ಆ ಹೊರೆಯನ್ನು ಅಳೆದು ನೋಡುವ ಮೊದಲೇ ಲಾಯ್ಡ್ಸ್ ಬ್ಯಾಂಕಿನ 600ಕ್ಕೂ ಹೆಚ್ಚು ಶಾಖೆ ಕೊಳ್ಳುವ ಮಾತುಕತೆಗೆ ಕೈಹಾಕಿತು. 2013ರ ಏಪ್ರಿಲ್‌ನಲ್ಲಿ ಆ ಮಾತುಕತೆ ಮುರಿದುಬಿತ್ತು. ಮೇ ತಿಂಗಳಲ್ಲಿ ಮೂಡೀಸ್ ಸಂಸ್ಥೆ ಬ್ಯಾಂಕಿನ ರೇಟಿಂಗನ್ನು ಒಂದೇ ಏಟಿಗೆ ಆರು ಮೆಟ್ಟಿಲು ಇಳಿಸಿತು. ಜೂನ್‌ನಲ್ಲಿ ಗುಟ್ಟು ರಟ್ಟಾಯಿತು: ಬಂಡವಾಳದಲ್ಲಿ 150 ಕೋಟಿ ಪೌಂಡ್ ಕೊರತೆ.

ನವೆಂಬರಿನಲ್ಲಿ ಬ್ಯಾಂಕಿನ ಮಾಜಿ ಅಧ್ಯಕ್ಷ, ಮೆಥಡಿಸ್ಟ್ ಪಾದ್ರಿ ಪಾಲ್ ಫ್ಲವರ್ಸ್ ಸಂಸತ್ತಿನ ಸಮಿತಿಯ ಮುಂದೆ ಕೂತರು. ನಿಮ್ಮ ಬ್ಯಾಂಕಿನ ಒಟ್ಟು ಆಸ್ತಿ ಎಷ್ಟು ಎಂದು ಸಮಿತಿ ಕೇಳಿತು. 300 ಕೋಟಿ ಪೌಂಡ್ ಎಂಬ ಉತ್ತರ ಬಂತು. ನಿಜವಾದ ಲೆಕ್ಕ 4,700 ಕೋಟಿ ಪೌಂಡ್. ಮೂರು ವರ್ಷ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರಿಗೆ ಗೊತ್ತಿರಲೇಬೇಕಾದ ಅಂಕಿ ಅದು. ಸಾಲ ಯಾರಿಗೆ ಕೊಡಬಾರದು ಎಂಬ ಪಟ್ಟಿ ಬ್ಯಾಂಕಿನಲ್ಲಿತ್ತು. ಕೊಟ್ಟ ಸಾಲ ವಾಪಸು ಬರುತ್ತದೆಯೇ ಎಂದು ನೋಡುವ ಕಣ್ಣು ಇರಲಿಲ್ಲ. 2014ರಲ್ಲಿ ಹೊರಬಂದ ಸರ್ ಕ್ರಿಸ್ಟಫರ್ ಕೆಲ್ಲಿ ಅವರ ವಿಚಾರಣಾ ವರದಿ ಬೆರಳಿಟ್ಟದ್ದು ಬ್ರಿಟಾನಿಯಾ ವಿಲೀನದ ಮೇಲೆ ಮತ್ತು ಆಡಳಿತದ ಹುಳುಕುಗಳ ಮೇಲೆ. ನೈತಿಕ ನೀತಿ ಬ್ಯಾಂಕನ್ನು ಮುಳುಗಿಸಲಿಲ್ಲ. ಅದು ಕಾಪಾಡಲೂ ಇಲ್ಲ. ಒಳ್ಳೆಯವರಾಗಿದ್ದರೆ ಸಾಕು, ಲೆಕ್ಕ ತಾನಾಗಿ ಸರಿಹೋಗುತ್ತದೆ ಎಂದು ನಂಬುವವರಿಗೆ ಇದು ಕಹಿ ಪಾಠ.

ತೂತು ಮುಚ್ಚಲು ಹಣ ಬೇಕಿತ್ತು. ಒಡೆಯನಾದ ಸಹಕಾರ ಸಮೂಹದ ಬಳಿ ಅಷ್ಟು ಹಣ ಇರಲಿಲ್ಲ. ಬ್ಯಾಂಕಿನ ಸಾಲಪತ್ರಗಳು ಮಾರುಕಟ್ಟೆಯಲ್ಲಿ ಪಾತಾಳಕ್ಕೆ ಇಳಿದಿದ್ದಾಗ ಅಮೆರಿಕದ ಹೆಡ್ಜ್ ಫಂಡುಗಳು ಅವನ್ನು ಕೊಂಡಿಟ್ಟುಕೊಂಡಿದ್ದವು. ಮುಳುಗುವವರ ಸಾಲಪತ್ರ ಅಗ್ಗಕ್ಕೆ ಕೊಂಡು, ಬದುಕಿದ ಮೇಲೆ ಲಾಭ ಎತ್ತುವುದು ಇವರ ಕಸುಬು. ಸಾಲಪತ್ರಗಳನ್ನು ಷೇರುಗಳಾಗಿ ಬದಲಿಸುವ ಒಪ್ಪಂದವಾಯಿತು. 2013ರ ಡಿಸೆಂಬರಿಗೆ ಸಹಕಾರ ಸಮೂಹದ ಕೈಯಲ್ಲಿ ಉಳಿದದ್ದು ಶೇ 30, ಮಿಕ್ಕ ಶೇ 70 ಫಂಡುಗಳು ಸೇರಿದಂತೆ ಸಾಲಪತ್ರದವರ ಪಾಲು. ಬೋರ್ಡಿನ ಮೇಲೆ ಮಾತ್ರ ‘ಕೋ-ಆಪರೇಟಿವ್’ ಹಾಗೇ ಇತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವಂಥ ಸ್ಥಿತಿ.

ಹೋಗುವುದೋ, ಇರುವುದೋ?

ಶಸ್ತ್ರ ವ್ಯಾಪಾರಿಗೆ ನನ್ನ ದುಡ್ಡು ಹೋಗಬಾರದು ಎಂದು ಈ ಬ್ಯಾಂಕು ಹುಡುಕಿ ಬಂದವನು ಈಗ ಏನು ಮಾಡಬೇಕು? ಖಾತೆ ಮುಚ್ಚಿ ಹೊರಡುವುದು ಮೊದಲು ಹೊಳೆಯುವ ದಾರಿ. ಆ ದಾರಿ ಸುಲಭವೂ ಆಗಿತ್ತು. ಅದೇ 2013ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಹೊಸ ವ್ಯವಸ್ಥೆಯೊಂದು ಜಾರಿಗೆ ಬಂದಿತ್ತು. ಬೇರೆ ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಸಂಬಳ, ಬಿಲ್ಲು, ಕಂತು ಎಲ್ಲವೂ ಏಳು ಕೆಲಸದ ದಿನಗಳಲ್ಲಿ ಹೊಸ ಖಾತೆಗೆ ವರ್ಗವಾಗುತ್ತಿದ್ದವು. ಸಾವಿರಾರು ಮಂದಿ ಹಾಗೆ ಹೊರಟರು.

ಮ್ಯಾಂಚೆಸ್ಟರಿನ ‘ಎಥಿಕಲ್ ಕನ್ಸ್ಯೂಮರ್’ ಪತ್ರಿಕೆಯ ಬಳಗ ಬೇರೆ ಮಾತು ಹೇಳಿತು: ಈಗಲೇ ಹೋಗಬೇಡಿ. ‘ಸೇವ್ ಅವರ್ ಬ್ಯಾಂಕ್’ ಎಂಬ ಹೆಸರಿನಲ್ಲಿ ಅಭಿಯಾನ ಹುಟ್ಟಿತು. ನೀತಿ ಉಳಿಯುವವರೆಗೆ ನಾವೂ ಉಳಿಯುತ್ತೇವೆ, ನೀತಿ ಕೈಬಿಟ್ಟರೆ ಒಟ್ಟಿಗೇ ಹೊರಡುತ್ತೇವೆ ಎಂಬುದು ಅದರ ಸಾರ. 10 ಸಾವಿರಕ್ಕೂ ಹೆಚ್ಚು ಮಂದಿ ಕೈಜೋಡಿಸಿದರು. ಮುಂದೆ ಇದೇ ‘ಕಸ್ಟಮರ್ ಯೂನಿಯನ್ ಫಾರ್ ಎಥಿಕಲ್ ಬ್ಯಾಂಕಿಂಗ್’ ಎಂಬ ಗ್ರಾಹಕರ ಸಂಘವಾಯಿತು. ಸಂಘವೂ ಸಹಕಾರ ತತ್ವದ್ದೇ. ಬ್ಯಾಂಕನ್ನು ಎಂದಾದರೊಂದು ದಿನ ಸದಸ್ಯರ ಒಡೆತನಕ್ಕೆ ಮರಳಿಸುವುದು ಅದರ ಗುರಿ.

ಉಳಿದುಕೊಂಡು ಜಗಳವಾಡುವ ಈ ನಿಲುವನ್ನು ಅರಿಯಲು ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ ನೆರವಾಗುತ್ತಾನೆ. ಅವನ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ 1970ರಲ್ಲಿ ಬಂದ ಪುಟ್ಟ ಪುಸ್ತಕ. ನೈಜೀರಿಯಾದ ರೈಲು ಅವನನ್ನು ಯೋಚನೆಗೆ ಹಚ್ಚಿತ್ತು. ಉತ್ತರದ ಬಯಲಿನಿಂದ ದೂರದ ಬಂದರಿಗೆ ಶೇಂಗಾ ಸಾಗಿಸಲು ರೈಲೇ ಹೇಳಿ ಮಾಡಿಸಿದ ಸಾಧನ. ಆದರೆ ರೈಲಿನ ಸೇವೆ ಕೆಟ್ಟಾಗ ವ್ಯಾಪಾರಿಗಳು ಲಾರಿ ಹಿಡಿದರು. ಪೈಪೋಟಿಯಿಂದ ರೈಲು ಸುಧಾರಿಸಬೇಕಿತ್ತಲ್ಲವೇ? ಆಗಲಿಲ್ಲ. ಕೂಗಾಡಿ ಕೆಲಸ ಮಾಡಿಸಬಲ್ಲವರೇ ಮೊದಲು ಹೊರಟುಹೋಗಿದ್ದರು. ಬಾಯಿಲ್ಲದವರು ಮಾತ್ರ ಉಳಿದಿದ್ದರು.

ನಮ್ಮ ಸರ್ಕಾರಿ ಶಾಲೆಗಳ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರು ಬರಲಿಲ್ಲವೆಂದು ಬಿಇಒ ಕಚೇರಿಯ ಬಾಗಿಲು ತಟ್ಟಬಲ್ಲ ಅಪ್ಪ–ಅಮ್ಮಂದಿರು ಮಕ್ಕಳನ್ನು ಕಾನ್ವೆಂಟಿಗೆ ಹಾಕಿದರು. ಉಳಿದ ಮಕ್ಕಳ ಮನೆಯವರಿಗೆ ಬಾಗಿಲು ತಟ್ಟಲು ಕೂಲಿ ಬಿಡಬೇಕು. ಒಬ್ಬೊಬ್ಬರಾಗಿ ಬಿಟ್ಟುಹೋಗುವುದರಿಂದ ಹೋದವರ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಶಾಲೆ ಸುಧಾರಿಸುವುದಿಲ್ಲ.

ಮ್ಯಾಂಚೆಸ್ಟರಿನ ಗ್ರಾಹಕರಿಗೂ ಅದೇ ಇಕ್ಕಟ್ಟು. ನೀತಿಯ ಬಗ್ಗೆ ಕಾಳಜಿಯಿರುವವರೇ ಮೊದಲು ಸಿಟ್ಟಾಗುವವರು, ಮೊದಲು ಹೋಗುವವರು. ಅವರೆಲ್ಲ ಹೋದ ಮೇಲೆ ನೀತಿಪಟ್ಟಿಯನ್ನು ಹರಿದುಹಾಕಿದರೆ ಕೇಳುವವರು ಯಾರು? ಹಾಗೆಂದು, ಏನಾದರೂ ಇಲ್ಲೇ ಇರುತ್ತೇವೆ ಎನ್ನುವವರ ಮಾತಿಗೂ ಬೆಲೆಯಿಲ್ಲ. ಹೋಗಬಲ್ಲೆವು, ಆದರೂ ಇದ್ದೇವೆ ಎಂದು ಒಟ್ಟಾಗಿ ಹೇಳಿದಾಗ ಮಾತ್ರ ಫಂಡಿನವರು ಕಿವಿಗೊಡುತ್ತಾರೆ. ಯಾಕೆಂದರೆ ಅವರು ಕೊಂಡ ಬ್ಯಾಂಕಿನಲ್ಲಿ ಬೆಲೆಬಾಳುವ ಆಸ್ತಿ ಇದ್ದದ್ದು ಆ ಗ್ರಾಹಕರ ನಂಬಿಕೆಯೊಂದೇ. ಅದು ಹೋದರೆ ಉಳಿಯುವುದು ಕೆಟ್ಟ ಸಾಲದ ಕಂತೆ.

ದಕ್ಕಿದ್ದು, ದಕ್ಕದ್ದು

ಒಡೆತನ ಕೈಬದಲಾದ ಹೊತ್ತಿನಲ್ಲೇ ನೈತಿಕ ಮೌಲ್ಯಗಳನ್ನು ಬ್ಯಾಂಕಿನ ಆರ್ಟಿಕಲ್ಸ್‌ನಲ್ಲಿ, ಅಂದರೆ ಕಂಪನಿಯ ನಿಯಮಾವಳಿಯಲ್ಲೇ, ಸೇರಿಸಲಾಯಿತು. ಅದನ್ನು ನೋಡಿಕೊಳ್ಳಲು ನಿರ್ದೇಶಕರ ಸಮಿತಿಯೊಂದು ಬಂತು. 2014ರಲ್ಲಿ ಹೊಸದಾಗಿ ಅಭಿಪ್ರಾಯ ಸಂಗ್ರಹಿಸಿದಾಗ 70 ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. 2015ರ ಜನವರಿಯಲ್ಲಿ ಹೊರಬಂದ ಪಟ್ಟಿ ಮೊದಲಿಗಿಂತ ಉದ್ದವಾಗಿತ್ತು. ನಮ್ಮ ಮೀಟರ್ ಬಡ್ಡಿಯವರ ನೆಂಟರಂತಿರುವ, ಸಂಬಳದ ದಿನದವರೆಗೆ ಕೈಸಾಲ ಕೊಟ್ಟು ಸುಲಿಯುವ ಕಂಪನಿಗಳನ್ನು ದೂರವಿಡುವ ಮಾತು, ತೆರಿಗೆ ನಿಯತ್ತಿನ ಮಾತು ಅದರಲ್ಲಿ ಸೇರಿದ್ದವು. ಹೆಡ್ಜ್ ಫಂಡುಗಳ ಒಡೆತನದ ಬ್ಯಾಂಕಿನಿಂದ ಇಂಥದ್ದೊಂದು ಬಂದದ್ದು ಸಣ್ಣ ಸಂಗತಿಯಲ್ಲ.

ಆದರೆ ನಿಯಮಾವಳಿಗೆ ಹಾಕಿದ ಬೀಗಕ್ಕೂ ಕೀಲಿಕೈ ಇರುತ್ತದೆ. ಬ್ರಿಟನ್ನಿನ ಕಂಪನಿ ಕಾನೂನಿನ ಸಾಮಾನ್ಯ ನಿಯಮದಂತೆ ಶೇ 75ರಷ್ಟು ಮತವಿದ್ದರೆ ಆರ್ಟಿಕಲ್ಸ್ ತಿದ್ದಬಹುದು. ಸಹಕಾರ ಸಮೂಹದ ಕೈಯಲ್ಲಿ ಶೇ 30 ಇರುವವರೆಗೆ ಉಳಿದವರೆಲ್ಲ ಸೇರಿದರೂ ಆ ಗೆರೆ ಮುಟ್ಟುವಂತಿರಲಿಲ್ಲ. 2014ರಲ್ಲಿ ಮತ್ತೆ ಬಂಡವಾಳ ಎತ್ತಿದಾಗ ಸಮೂಹದ ಪಾಲು ಸುಮಾರು ಶೇ 20ಕ್ಕೆ ಇಳಿಯಿತು. 2017ರಲ್ಲಿ ಬ್ಯಾಂಕೇ ಮಾರಾಟಕ್ಕೆ ನಿಂತು, ಕೊಳ್ಳುವವರು ಸಿಗದೆ, ಸುಮಾರು 70 ಕೋಟಿ ಪೌಂಡಿನ ಮತ್ತೊಂದು ಪಾರುಗಾಣಿಕೆ ನಡೆದಾಗ ಸಮೂಹ ಪೂರ್ತಿ ಹೊರಬಂತು. ನೂರ ನಲವತ್ತೈದು ವರ್ಷದ ನಂಟು ಅಲ್ಲಿಗೆ ಕಡಿಯಿತು. ಅಂದಿನಿಂದ ನೀತಿಪಟ್ಟಿಗೆ ಕಾವಲಿದ್ದದ್ದು ಮತವಿಲ್ಲದ, ಷೇರಿಲ್ಲದ ಗ್ರಾಹಕರು ಮಾತ್ರ.

ಗ್ರಾಹಕರ ಕಾವಲಿನ ಮಿತಿ ಅದಕ್ಕೂ ಮೊದಲೇ ಕಾಣಿಸಿತ್ತು. 2015ರಲ್ಲಿ ಪ್ಯಾಲೆಸ್ತೀನ್ ಪರ ಸಂಘಟನೆಗಳ ಖಾತೆಗಳನ್ನು ಬ್ಯಾಂಕು ಮುಚ್ಚಿತು. ಹಣದ ಜಾಡು ಪರಿಶೀಲಿಸುವ ನಿಯಮಗಳ ಕಾರಣ ಕೊಟ್ಟಿತು. ಮಾನವ ಹಕ್ಕಿನ ಹೆಸರು ಹೇಳುವ ಬ್ಯಾಂಕು ಹೀಗೆ ಮಾಡಬಹುದೇ ಎಂದು ಅದರ ಗ್ರಾಹಕರೇ ಬೇಸರಗೊಂಡರು. 2020ರಲ್ಲಿ 68 ಶಾಖೆಗಳಲ್ಲಿ 18ನ್ನು ಮುಚ್ಚಿ 350 ಹುದ್ದೆ ಕಡಿತ ಮಾಡುವ ಪ್ರಕಟಣೆ ಬಂತು. ಶಸ್ತ್ರಕ್ಕೆ ಸಾಲ ಕೊಡದಿರುವುದು ನೀತಿಯಾದರೆ, ಹಳ್ಳಿಪೇಟೆಯ ಮುದುಕಿಗೆ ಶಾಖೆಯಿಲ್ಲದಂತೆ ಮಾಡುವುದು ಏನು? ನೀತಿಪಟ್ಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹೊರಗಿನಿಂದ, ಹೊಸದಾಗಿ

ಒಳಗಿದ್ದು ಹೋರಾಡುವುದೊಂದೇ ದಾರಿಯಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ದೊಡ್ಡ ವ್ಯವಹಾರ ನಡೆಸುತ್ತಿದ್ದ ಬಾರ್ಕ್ಲೇಸ್ ಬ್ಯಾಂಕಿನ ವಿರುದ್ಧ ಬ್ರಿಟನ್ನಿನ ವಿದ್ಯಾರ್ಥಿಗಳು 1970ರ ದಶಕದಿಂದಲೂ ಬಹಿಷ್ಕಾರ ನಡೆಸಿದರು. ಕಾಲೇಜಿಗೆ ಸೇರಿದ ಹುಡುಗರು ಮೊದಲ ಖಾತೆ ತೆರೆಯುವ ಹೊತ್ತಿಗೇ ‘ಬಾರ್ಕ್ಲೇಸ್ ಬೇಡ’ ಎಂಬ ಕರಪತ್ರ ಕೈಗೆ ಬರುತ್ತಿತ್ತು. ಇಂದಿನ ವಿದ್ಯಾರ್ಥಿ ನಾಳೆಯ ಸಂಬಳದಾರ, ನಾಡಿದ್ದಿನ ಗೃಹಸಾಲಗಾರ. 1986ರ ನವೆಂಬರಿನಲ್ಲಿ ಬ್ಯಾಂಕು ದಕ್ಷಿಣ ಆಫ್ರಿಕಾದ ಪಾಲನ್ನು ಮಾರಿ ಹೊರಬಂತು. ಅಲ್ಲಿನ ಆರ್ಥಿಕ ಕುಸಿತವೂ ಇದಕ್ಕೆ ಕಾರಣವಾಗಿತ್ತು, ಆದರೆ ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ.

ಇಟಲಿಯವರು ಮೂರನೆಯ ದಾರಿ ಹಿಡಿದರು. ಸೇವಾ ಸಂಸ್ಥೆಗಳು, ಸಹಕಾರ ಸಂಘಗಳು, ಸಾಮಾನ್ಯ ಉಳಿತಾಯಗಾರರು ಕೂಡಿ ವರ್ಷಗಟ್ಟಲೆ ಬಂಡವಾಳ ಕೂಡಿಹಾಕಿ 1999ರ ಮಾರ್ಚ್ 8ರಂದು ಪಡೋವಾ ನಗರದಲ್ಲಿ ‘ಬಂಕಾ ಎತಿಕಾ’ ತೆರೆದರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸಂಘಸಂಸ್ಥೆಗಳಿಗೆ ಕೊಟ್ಟ ಸಾಲದ ವಿವರವನ್ನು ಬ್ಯಾಂಕು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಪಾಸ್‌ಬುಕ್ಕಿನ ಬಡ್ಡಿಯ ಸಾಲಿಗೆ ವಿಳಾಸ ಬರೆಯುವುದೆಂದರೆ ಇದೇ.

ನಮ್ಮಲ್ಲಿ ಈ ಪ್ರಶ್ನೆ

ಭಾರತದಲ್ಲಿ ‘ದುಡ್ಡು ಯಾರಿಗೆ ಹೋಗಬೇಕು’ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು ಠೇವಣಿದಾರರಲ್ಲ, ಸರ್ಕಾರ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಕೆನರಾ ಮತ್ತು ಸಿಂಡಿಕೇಟ್, ನಮ್ಮ ಕರಾವಳಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು ಅದರಲ್ಲಿದ್ದವು. ದೊಡ್ಡ ಕೈಗಾರಿಕೆಗಳಿಗಷ್ಟೇ ಹರಿಯುತ್ತಿದ್ದ ಸಾಲ ಹೊಲಕ್ಕೂ ಹರಿಯಲಿ ಎಂಬುದು ಅಂದಿನ ವಾದ. ಅದರ ಮುಂದುವರಿಕೆಯಾಗಿ ಬ್ಯಾಂಕುಗಳು ತಮ್ಮ ಸಾಲದ ಶೇ 40ನ್ನು ಆದ್ಯತಾ ವಲಯಕ್ಕೆ, ಅದರೊಳಗೆ ಶೇ 18ನ್ನು ಕೃಷಿಗೆ ಕೊಡಬೇಕೆಂಬ ಗುರಿ ಇಂದಿಗೂ ಇದೆ. ಯಾರಿಗೆ ಕೊಡಬೇಕು ಎಂಬುದಕ್ಕೆ ನಮ್ಮಲ್ಲಿ ಸರ್ಕಾರಿ ಪಟ್ಟಿಯಿದೆ. ಯಾರಿಗೆ ಕೊಡಬಾರದು ಎಂದು ಗ್ರಾಹಕನನ್ನು ಕೇಳಿದವರಿಲ್ಲ.

ನಮ್ಮ ಠೇವಣಿದಾರರು ಸಂಘಟಿತರಾದದ್ದು ನೀತಿಗಾಗಿ ಅಲ್ಲ, ಮುಳುಗಿದ ಅಸಲಿಗಾಗಿ. 2019ರಲ್ಲಿ ಮುಂಬೈನ ಪಿಎಂಸಿ ಬ್ಯಾಂಕು, 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕು ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬೀದಿಗೆ ಬಂದರು. 2020ರ ಫೆಬ್ರುವರಿಯಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. 2021ರ ತಿದ್ದುಪಡಿಯಿಂದ, ಬ್ಯಾಂಕಿನ ಮೇಲೆ ಇಂಥ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆಯ ಹಣ ಸಿಗುವಂತಾಯಿತು. ಮನೆಗೆ ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಯೇ ಸರಿ. ಆದರೂ ಮುಂದಿನ ಮನೆಗೆ ನೀರಾಯಿತು.

ಇದರಲ್ಲಿ ನೋವಿನ ಸಂಗತಿ, ಇವು ಸಹಕಾರ ಬ್ಯಾಂಕುಗಳು ಎಂಬುದು. ರಾಚ್‌ಡೇಲಿನ ಅಂಗಡಿಯ ಗಾಳಿ, ಜರ್ಮನಿಯ ರೈಫೈಸನ್ನನ ಗ್ರಾಮ ಪತ್ತಿನ ಗಾಳಿ ನಮ್ಮ ನಾಡಿಗೆ ಬೀಸಿ ನೂರಿಪ್ಪತ್ತು ವರ್ಷವಾಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಗಿದೆ. ಒಬ್ಬರಿಗೆ ಒಂದು ಮತ ಎಂಬ ಹಕ್ಕು ಮ್ಯಾಂಚೆಸ್ಟರಿನ ಗ್ರಾಹಕರಿಗೆ ಇರಲಿಲ್ಲ. ನಮ್ಮ ಸೊಸೈಟಿಗಳ ಲಕ್ಷಾಂತರ ಸದಸ್ಯರಿಗೆ ಇದೆ. ಅದನ್ನು ನಾವು ಏನು ಮಾಡುತ್ತಿದ್ದೇವೆ?

ನಾನು ಸದಸ್ಯನಾಗಿರುವ ಮಲೆನಾಡಿನ ಪೇಟೆಯ ಸೊಸೈಟಿಯೊಂದರ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ, ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲಿ ಸಹಿ ಮಾಡಿದರೆ ಒಂದು ಕೂಪನ್. ಊಟವಾದ ಮೇಲೆ ಕೂಪನ್ ತೋರಿಸಿದರೆ ಸ್ಟೀಲ್ ಡಬ್ಬಿ. ವೇದಿಕೆಯ ಮೇಲೆ ಕಾರ್ಯದರ್ಶಿ ವರದಿ ಓದುತ್ತಾರೆ, ಕೆಳಗೆ ನಾವು ಅಡಿಕೆ ರೇಟು ಮಾತಾಡುತ್ತೇವೆ. ಹೋದ ಸಲ ಮೂರನೇ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಕೈಯಲ್ಲಿ ವರದಿಯ ಪುಸ್ತಿಕೆ, ಪುಟದ ತುದಿ ಮಡಚಿತ್ತು. ‘ದೊಡ್ಡ ಸಾಲದ ಬಾಬ್ತು ಇಷ್ಟು ಏರಿದೆಯಲ್ಲ, ಯಾವ್ಯಾವ ಉದ್ಯಮಕ್ಕೆ ಕೊಟ್ಟದ್ದು?’ ಎಂದರು. ಹಿಂದಿನಿಂದ ಯಾರೋ, ‘ಕೂತ್ಕೊಳ್ಳಿ ಮಾರಾಯ್ರೆ, ಊಟ ತಣಿತದೆ’ ಎಂದು ಕೂಗಿದರು. ಸಭೆ ನಕ್ಕಿತು. ವೇದಿಕೆಯವರೂ ನಕ್ಕರು. ಆ ಹಿರಿಯರು ಇನ್ನೆರಡು ಕ್ಷಣ ನಿಂತಿದ್ದು ಕೂತರು. ‘ವರದಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಗಿದೆ’ ಎಂಬ ಮಾತು ಮೈಕಿನಲ್ಲಿ ಬಂತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಮರಳಿ ಮನೆಗೆ, ಕೇಳದೆ

ಮ್ಯಾಂಚೆಸ್ಟರಿನ ಕಥೆಗೆ ಇತ್ತೀಚೆಗೆ ಒಂದು ತಿರುವು ಸಿಕ್ಕಿದೆ. 1884ರಲ್ಲಿ ಹುಟ್ಟಿದ ಕವೆಂಟ್ರಿ ಬಿಲ್ಡಿಂಗ್ ಸೊಸೈಟಿ 78 ಕೋಟಿ ಪೌಂಡಿಗೆ ಬ್ಯಾಂಕನ್ನು ಕೊಳ್ಳಲು 2024ರಲ್ಲಿ ಒಪ್ಪಿತು. 2025ರ ಜನವರಿ 1ರಂದು ಬ್ಯಾಂಕು ಅದರ ಕೈಸೇರಿತು. ಬಿಲ್ಡಿಂಗ್ ಸೊಸೈಟಿ ಎಂದರೆ ನಮ್ಮಲ್ಲಿ ಸೈಟು ಹಂಚುವ ಹೌಸಿಂಗ್ ಸೊಸೈಟಿಯಲ್ಲ. ಅಲ್ಲಿ ಉಳಿತಾಯ ಇಟ್ಟವರು, ಮನೆಸಾಲ ಪಡೆದವರೇ ಸದಸ್ಯರು, ಅವರೇ ಒಡೆಯರು. ಹೆಡ್ಜ್ ಫಂಡುಗಳ ಕಾಲ ಮುಗಿದು, ಹನ್ನೊಂದು ವರ್ಷಗಳ ಬಳಿಕ ಬ್ಯಾಂಕು ಸದಸ್ಯರ ಒಡೆತನಕ್ಕೆ ಮರಳಿತು. ಗ್ರಾಹಕರ ಸಂಘ ಬಯಸಿದ್ದೂ ಅದನ್ನೇ. ಸಂಘ ಬ್ಯಾಂಕನ್ನು ಕೊಳ್ಳಲಿಲ್ಲ, ಕೊಳ್ಳುವ ಶಕ್ತಿಯೂ ಅದಕ್ಕಿರಲಿಲ್ಲ. ಆದರೆ ಸದಸ್ಯರ ಒಡೆತನದ ಸಂಸ್ಥೆಯೊಂದು ಕೊಳ್ಳಲು ಮನಸ್ಸು ಮಾಡುವಂಥ ಬ್ಯಾಂಕು ಉಳಿದಿತ್ತೆಂದರೆ, ನೀತಿಪಟ್ಟಿಯನ್ನು ಹರಿಯಗೊಡದೆ ಕಾದವರ ಪಾಲು ಅದರಲ್ಲಿದೆ.

ಈ ಸಿಹಿಯಲ್ಲೂ ಒಂದು ಕಲ್ಲು ಸಿಕ್ಕಿತು. ಇಷ್ಟು ದೊಡ್ಡ ಖರೀದಿಯ ಬಗ್ಗೆ ಕವೆಂಟ್ರಿಯ ಆಡಳಿತ ತನ್ನ ಸದಸ್ಯರ ಮತ ಕೇಳಲಿಲ್ಲ. ಕಾನೂನು ಮತವನ್ನು ಕಡ್ಡಾಯ ಮಾಡಿಲ್ಲ ಎಂದಿತು. ಕೆಲವು ಸದಸ್ಯರು ಮತ ಬೇಕೆಂದು ಪಟ್ಟು ಹಿಡಿದರೂ ಫಲ ಸಿಗಲಿಲ್ಲ. ಬ್ಯಾಂಕು ಸದಸ್ಯರ ಒಡೆತನಕ್ಕೆ ಮರಳಿದ್ದು ಸದಸ್ಯರನ್ನು ಕೇಳದೆ. ಒಡೆತನ ಕಾಗದದಲ್ಲಿದ್ದರೆ ಸಾಲದು, ಅದನ್ನು ದಿನವೂ ಕೇಳಿ ಪಡೆಯಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಹೇಳುವ ಉದಾಹರಣೆ ಬೇರೊಂದಿಲ್ಲ.

ಷೇರಿಲ್ಲದ, ಮತವಿಲ್ಲದ ಗ್ರಾಹಕರು ಹತ್ತು ವರ್ಷ ಬಾಗಿಲು ಕಾಯ್ದ ಕಥೆ ಓದುತ್ತಾ ಕೂತಾಗೆಲ್ಲ ನನಗೆ ನೆನಪಾಗುವುದು ಮೂರನೇ ಸಾಲಿನ ಆ ಹಿರಿಯರು. ಅವರ ಪ್ರಶ್ನೆಗೆ ಉತ್ತರ ಸಿಗದೇ ಹೋದದ್ದು ವೇದಿಕೆಯವರ ಜಾಣತನದಿಂದಲ್ಲ. ಅವರ ಜೊತೆ ಇನ್ನು ನಾಲ್ಕು ಮಂದಿ ಎದ್ದಿದ್ದರೆ ‘ಸರ್ವಾನುಮತ’ ಎಂಬ ಪದ ಮೈಕಿನಲ್ಲಿ ಬರುತ್ತಿರಲಿಲ್ಲ. ಸೊಸೈಟಿಯ ಈ ವರ್ಷದ ವರದಿ ಮೊನ್ನೆ ಅಂಚೆಯಲ್ಲಿ ಬಂದಿದೆ. ಸಾಮಾನ್ಯವಾಗಿ ಹಳೇ ಪೇಪರಿನ ರಾಶಿಗೆ ಸೇರುತ್ತಿದ್ದ ಪುಸ್ತಿಕೆ ಅದು. ಈ ಸಲ ಒಂದೆರಡು ಪುಟಗಳ ತುದಿ ಮಡಚಿಟ್ಟಿದ್ದೇನೆ. ಸಭೆಗೆ ಸ್ವಲ್ಪ ಮೊದಲೇ ಹೋಗಿ ಮೂರನೇ ಸಾಲಿನಲ್ಲಿ ಅವರ ಪಕ್ಕದ ಕುರ್ಚಿ ಹಿಡಿಯಬೇಕು.